ಇಟ್ಟಿಗೆಯಾದ ಫೋನು: ಬೀಗ ನಮ್ಮದು, ಕೀಲಿಕೈ ಯಾರದು?

ತಿಪಟೂರಿನ ಚಿಕ್ಕಮ್ಮ ಬೆಳಗ್ಗೆ ಆರೂವರೆಗೆ ಪಕ್ಕದ ಮನೆಯವರ ನಂಬರಿನಿಂದ ಕರೆ ಮಾಡಿದಾಗ, ಯಾರೋ ಹೋಗಿಬಿಟ್ಟರು ಅಂತಲೇ ಅಂದುಕೊಂಡೆ. ಹೋಗಿದ್ದು ಫೋನು. "ಪುಟ್ಟಿ, ಕಂಪನಿ ಹೆಸರು ಬರುತ್ತೆ, ಹೋಗುತ್ತೆ. ಮತ್ತೆ ಬರುತ್ತೆ, ಮತ್ತೆ ಹೋಗುತ್ತೆ. ರಾತ್ರಿಯಿಂದ ಇದೇ ಆಟ ಕಣೇ" ಅಂದಳು. ಹಿಂದಿನ ರಾತ್ರಿ ಅಪ್‌ಡೇಟ್ ಬಂದಿದೆ ಅಂತ ಫೋನ್ ಕೇಳಿದೆ, ಈಕೆ ಸರಿ ಅಂತ ಒತ್ತಿದ್ದಾಳೆ. ಅರ್ಧ ಗಂಟೆಯಾದರೂ ಅಲ್ಲೇ ನಿಂತಿತ್ತು ಅಂತ ಪವರ್ ಬಟನ್ ಒತ್ತಿ ಹಿಡಿದಿದ್ದಾಳೆ. ಹೊಲಿಗೆ ಮಿಷನ್ನಿಗೆ ದಾರ ಸಿಕ್ಕಿಕೊಂಡರೆ ಮಾಡೋದೂ ಅದನ್ನೇ ತಾನೆ? ನಿಲ್ಲಿಸಿ, ಬಿಡಿಸಿ, ಮತ್ತೆ ತುಳಿಯೋದು.

ಚಿಕ್ಕಮ್ಮ ಟೈಲರ್. ಮನೆಯ ಮುಂದಿನ ಕೋಣೆಯೇ ಅಂಗಡಿ. ಅಳತೆಗಳೆಲ್ಲ ಉದ್ದನೆಯ ಪುಸ್ತಕದಲ್ಲಿ ಬರೆದಿರುತ್ತಾಳೆ. ಆದರೆ ಯಾವ ಬ್ಲೌಸಿಗೆ ಯಾವ ಕುತ್ತಿಗೆ, ತೋಳಿಗೆ ಬಾರ್ಡರ್ ಎಷ್ಟು ಬೇಕು, ಬೆನ್ನಿಗೆ ಡೋರಿ ಬೇಕೋ ಬೇಡವೋ, ಇದೆಲ್ಲ ಈಗ ಗಿರಾಕಿಗಳು ಫೋಟೊ ಮತ್ತು ವಾಯ್ಸ್ ಮೆಸೇಜಿನಲ್ಲಿ ಕಳಿಸುತ್ತಾರೆ. ಯಾರು ಎಷ್ಟು ಅಡ್ವಾನ್ಸ್ ಕೊಟ್ಟರು, ಎಷ್ಟು ಬಾಕಿ ಅನ್ನೋದೂ ಅದೇ ಚಾಟ್‌ನಲ್ಲಿ. ಆ ವಾರ ಕೈಯಲ್ಲಿದ್ದದ್ದು ಒಂದೇ ಮದುವೆ ಮನೆಯ ಹದಿನಾಲ್ಕು ಬ್ಲೌಸು, ಉಳಿದಿದ್ದದ್ದು ಹನ್ನೆರಡು ದಿನ.

ಬ್ಯಾಕಪ್ ಇರಬೇಕಲ್ಲ ಅಂತ ನೀವು ಕೇಳಬಹುದು, ನಾನೂ ಅದನ್ನೇ ಕೇಳಿದೆ. ಗೂಗಲ್ ಖಾತೆಯಲ್ಲಿ ಪುಕ್ಕಟೆ ಸಿಗೋದು 15 ಜಿಬಿ. ಆಂಡ್ರಾಯ್ಡ್ ಫೋನುಗಳ ವಾಟ್ಸಾಪ್ ಬ್ಯಾಕಪ್ ಮೊದಲು ಆ ಲೆಕ್ಕಕ್ಕೆ ಸೇರುತ್ತಿರಲಿಲ್ಲ. 2024ರಿಂದ ಅದನ್ನೂ ಸೇರಿಸಿದರು. ಚಿಕ್ಕಮ್ಮನ ಖಾತೆ ತುಂಬಿ ಎಷ್ಟೋ ತಿಂಗಳಾಗಿತ್ತು, ಬ್ಯಾಕಪ್ ಅಲ್ಲಿಗೇ ನಿಂತಿತ್ತು. ಜಾಗ ತುಂಬಿದೆ ಅನ್ನೋ ಸೂಚನೆ ಬಂದಾಗಲೆಲ್ಲ ಬೆರಳಿನಿಂದ ಪಕ್ಕಕ್ಕೆ ಸರಿಸಿದ್ದಾಳೆ. ನೀವು ಹಾಗೆ ಮಾಡೋದಿಲ್ಲ ಅಂತ ಎದೆ ಮುಟ್ಟಿ ಹೇಳಿ ನೋಡೋಣ.

ಊರಿಗೆ ಹತ್ತಿರದ ಸರ್ವಿಸ್ ಸೆಂಟರಿನಲ್ಲಿ ಎರಡೇ ಮಾತು ಹೇಳಿದರಂತೆ. "ಸಾಫ್ಟ್‌ವೇರ್ ಹಾಕಬೇಕು. ಡೇಟಾ ಎಲ್ಲ ಹೋಗುತ್ತೆ, ಇಲ್ಲಿ ಸೈನ್ ಮಾಡಿ." ಡೇಟಾ ಉಳಿಸಿಕೊಂಡು ಮಾಡೋಕಾಗಲ್ವಾ ಅಂದದ್ದಕ್ಕೆ ನಮ್ಮಲ್ಲಿ ಆ ಪದ್ಧತಿ ಇಲ್ಲ ಅಂದರಂತೆ. ಚಿಕ್ಕಮ್ಮ ಸೈನ್ ಮಾಡಲಿಲ್ಲ. ಫೋನನ್ನು ಕರ್ಚೀಫಿನಲ್ಲಿ ಸುತ್ತಿ ಬೆಂಗಳೂರು ರೈಲು ಹತ್ತಿ ನನ್ನ ಮನೆಗೆ ಬಂದಳು. "ನಾಲ್ಕು ವರ್ಷ ಇಂಜಿನಿಯರಿಂಗ್ ಓದಿದೀಯಲ್ಲೇ, ಇಷ್ಟಾದರೂ ಮಾಡ್ಕೊಡು." ಪತ್ರಿಕೋದ್ಯಮಕ್ಕೆ ಬಂದು ಎಂಟು ವರ್ಷವಾದ ಮೇಲೆ ಆ ಡಿಗ್ರಿಯ ಲೆಕ್ಕ ಕೇಳಿದವರು ಇವಳೊಬ್ಬಳೇ.

ಹೀಗೆ ಫೋನು ತೆರೆದುಕೊಳ್ಳದೇ ಹೋಗೋದಕ್ಕೆ ಇಂಗ್ಲಿಷಿನಲ್ಲಿ ಬ್ರಿಕ್ ಆಗೋದು ಅಂತಾರೆ. ಕೈಯಲ್ಲಿರೋದು ಫೋನಲ್ಲ, ಇಟ್ಟಿಗೆ ಅಂತ ಅರ್ಥ. ಹೆಸರು ಕೇಳಿದರೆ ಎಲ್ಲ ಮುಗಿದೇ ಹೋಯಿತು ಅನ್ನಿಸುತ್ತದೆ. ಆದರೆ ಬ್ರಿಕ್ ಆದ ಎಷ್ಟೋ ಫೋನುಗಳಲ್ಲಿ ಪರದೆ, ಬ್ಯಾಟರಿ, ಚಿಪ್ಪು ಎಲ್ಲ ಸರಿಯಾಗಿಯೇ ಇರುತ್ತವೆ. ಕೆಟ್ಟಿರೋದು ಬೆಳಗ್ಗೆ ಅಂಗಡಿ ತೆರೆಯುವ ಕ್ರಮ.

ಚಿಕ್ಕಮ್ಮನ ಅಂಗಡಿಯನ್ನೇ ತೆಗೆದುಕೊಳ್ಳಿ. ಮೊದಲು ಬಾಗಿಲ ಬೀಗ, ಆಮೇಲೆ ಮೇನ್ ಸ್ವಿಚ್, ಆಮೇಲೆ ದೀಪ, ಆಮೇಲೆ ಮಿಷನ್. ಒಂದಾಗದೆ ಇನ್ನೊಂದಿಲ್ಲ. ಫೋನಿನಲ್ಲೂ ಹಾಗೇ. ಪವರ್ ಒತ್ತಿದ ತಕ್ಷಣ ಏಳೋದು ಬೂಟ್ ರಾಮ್ ಅನ್ನೋ ಪುಟ್ಟ ಪ್ರೋಗ್ರಾಂ. ಕಾರ್ಖಾನೆಯಲ್ಲಿ ಚಿಪ್ಪಿನೊಳಗೇ ಕೆತ್ತಿಟ್ಟದ್ದು. ಅದನ್ನು ಅಳಿಸೋಕೂ ಆಗಲ್ಲ, ತಿದ್ದೋಕೂ ಆಗಲ್ಲ. ಅದು ಪ್ರೀಲೋಡರ್ ಅನ್ನೋದನ್ನು ಎಬ್ಬಿಸುತ್ತದೆ, ಪ್ರೀಲೋಡರ್ ಬೂಟ್‌ಲೋಡರನ್ನು, ಬೂಟ್‌ಲೋಡರ್ ಕರ್ನಲ್ ಅನ್ನು, ಕರ್ನಲ್ ಆಂಡ್ರಾಯ್ಡನ್ನು. ಮೀಡಿಯಾಟೆಕ್ ಚಿಪ್ಪಿನ ಫೋನುಗಳಲ್ಲಿ ಹೆಸರುಗಳು ಹೀಗಿವೆ. ಕ್ವಾಲ್‌ಕಾಮ್ ಚಿಪ್ಪಿನಲ್ಲಿ ಹೆಸರು ಬೇರೆ, ಸರಪಳಿ ಅದೇ. ಪ್ರತಿಯೊಬ್ಬರೂ ಮುಂದಿನವರನ್ನು ಎಬ್ಬಿಸುವ ಮೊದಲು ಕಂಪನಿಯ ಡಿಜಿಟಲ್ ಸಹಿ ಇದೆಯಾ ಅಂತ ನೋಡುತ್ತಾರೆ. ಸಹಿ ತಾಳೆಯಾಗದಿದ್ದರೆ ಅಲ್ಲಿಗೇ ನಿಂತರು.

ಸರಪಳಿಯ ಕೊನೆಯ ಕೊಂಡಿ ಕಳಚಿದ್ದರೆ ಕಂಪನಿ ಹೆಸರು ಬಂದು ಹೋಗುತ್ತಾ ಇರುತ್ತದೆ. ಇದು ಮೆತ್ತನೆಯ ಇಟ್ಟಿಗೆ. ಪ್ರೀಲೋಡರೇ ಹಾಳಾಗಿದ್ದರೆ ಪರದೆ ಕಪ್ಪು, ನಡುಕವಿಲ್ಲ, ಚಾರ್ಜಿನ ಗುರುತೂ ಇಲ್ಲ. ಇದು ಗಟ್ಟಿ ಇಟ್ಟಿಗೆ. ಚಿಕ್ಕಮ್ಮ ತಂದದ್ದು ಮೊದಲನೆಯದು. ನಾನು ಅದನ್ನು ಎರಡನೆಯದು ಮಾಡಿದೆ. ಆ ಕಥೆಗೆ ಬರುತ್ತೇನೆ.

ಅದಕ್ಕಿಂತ ಮೊದಲು, ಅಪ್‌ಡೇಟ್ ಮಧ್ಯೆ ನಿಂತರೆ ಫೋನು ಯಾಕೆ ಸಾಯಬೇಕು ಅನ್ನೋದನ್ನು ನೋಡೋಣ. ಸಾಯಲೇಬೇಕು ಅಂತೇನೂ ಇಲ್ಲ. 2016ರಲ್ಲಿ ಆಂಡ್ರಾಯ್ಡ್ 7ರ ಜೊತೆಗೇ ಗೂಗಲ್ ಒಂದು ಉಪಾಯ ತಂದಿತು. ಫೋನಿನಲ್ಲಿ ವ್ಯವಸ್ಥೆಯ ಎರಡು ಪ್ರತಿ ಇಡೋದು, ಒಂದು ಎ, ಇನ್ನೊಂದು ಬಿ. ನೀವು ಎ ಬಳಸುತ್ತಿರುವಾಗ ಹೊಸದು ಬಿಯಲ್ಲಿ ಕೂರುತ್ತದೆ. ಬಿ ಸರಿಯಾಗಿ ಏಳದಿದ್ದರೆ ಫೋನು ತಾನೇ ಎಗೆ ವಾಪಸಾಗುತ್ತದೆ. ಆದರೆ ಎರಡು ಪ್ರತಿಗೆ ಎರಡರಷ್ಟು ಜಾಗ ಬೇಕು. 32 ಜಿಬಿಯ ಅಗ್ಗದ ಫೋನಿನಲ್ಲಿ ಅಷ್ಟು ಜಾಗ ಕೊಟ್ಟರೆ ಡಬ್ಬದ ಮೇಲೆ ಬರೆದ ಲೆಕ್ಕಕ್ಕೆ ಪೆಟ್ಟು. ಹಾಗಾಗಿ ಎಷ್ಟೋ ಕಂಪನಿಗಳು ಅಗ್ಗದ ಮಾದರಿಗಳಲ್ಲಿ ವರ್ಷಗಟ್ಟಲೆ ಒಂದೇ ಪ್ರತಿಯಲ್ಲಿ ಕಾಲ ತಳ್ಳಿದವು. ಕಡಿಮೆ ಜಾಗ ಸಾಕಾಗುವ ವರ್ಚುವಲ್ ಎ/ಬಿ ಬಂದದ್ದು 2020ರ ಆಂಡ್ರಾಯ್ಡ್ 11ರಲ್ಲಿ. ಚಿಕ್ಕಮ್ಮನದು ಅದಕ್ಕಿಂತ ಹಳೆಯ ಕಾಲದ ಫೋನು, ಒಂದೇ ಪ್ರತಿ, ಹಳೆಯದನ್ನು ಅಳಿಸಿ ಅದೇ ಜಾಗದಲ್ಲಿ ಹೊಸದನ್ನು ಬರೆಯುವ ಬಗೆ. ಅಂದರೆ ಅಪ್‌ಡೇಟಿನ ಅಪಾಯ ಎಲ್ಲರಿಗೂ ಸಮನಾಗಿ ಹಂಚಿಕೆಯಾಗಿರಲಿಲ್ಲ. ದುಬಾರಿ ಫೋನಿನವರಿಗೆ ವಾಪಸ್ ಬರೋ ದಾರಿ ಇತ್ತು, ಒಂಬತ್ತು ಸಾವಿರದ ಫೋನಿನವರಿಗೆ ಇರಲಿಲ್ಲ.

ಎರಡು ಪ್ರತಿ ಇದ್ದರೂ ಕಂಪನಿಯೇ ತಪ್ಪು ಮಾಡಿದರೆ ಉಳಿಗಾಲವಿಲ್ಲ, ಅದೂ ನಿಜ. 2020ರ ಕೊನೆಯ ದಿನ ಶಿಯೋಮಿಯ ಮಿ ಎ3 ಫೋನುಗಳಿಗೆ ಆಂಡ್ರಾಯ್ಡ್ 11 ಬಂತು. ಹಾಕಿಕೊಂಡ ಎಷ್ಟೋ ಜನರ ಫೋನು ಹೊಸ ವರ್ಷದ ಬೆಳಗ್ಗೆ ಇಟ್ಟಿಗೆ. ಕಂಪನಿ ಅಪ್‌ಡೇಟ್ ನಿಲ್ಲಿಸಿ, ವಾರಂಟಿ ಇರಲಿ ಇಲ್ಲದಿರಲಿ ಸರಿಮಾಡಿ ಕೊಡುತ್ತೇವೆ ಅಂದಿತು. ಸಾವಿರಾರು ಜನ ಒಟ್ಟಿಗೆ ಕೂಗಿದರೆ ಹಾಗಾಗುತ್ತದೆ. ಒಬ್ಬಳೇ ಟೈಲರ್ ಕೂಗಿದರೆ ಸೈನ್ ಮಾಡಿ ಅನ್ನುತ್ತಾರೆ.

ಮನೆ ರಿಪೇರಿಯ ಮೊದಲ ಮೆಟ್ಟಿಲು ರಿಕವರಿ ಮೋಡ್. ಪವರ್ ಮತ್ತು ವಾಲ್ಯೂಮ್ ಬಟನ್ ಒಟ್ಟಿಗೆ ಒತ್ತಿದರೆ ಬರುವ ಕಪ್ಪು ಪರದೆ, ನಾಲ್ಕೈದು ಸಾಲು. ಅದರಲ್ಲಿ ಕ್ಯಾಶ್ ಅಳಿಸೋದು ನಿರಪಾಯ, ಮಾಡಿದೆ, ಪ್ರಯೋಜನವಾಗಲಿಲ್ಲ. ಅದರ ಪಕ್ಕದಲ್ಲೇ 'ವೈಪ್ ಡೇಟಾ' ಅನ್ನೋ ಸಾಲಿದೆ. ಅದನ್ನು ಒತ್ತಿದ್ದರೆ ಬಹುಶಃ ಹತ್ತು ನಿಮಿಷದಲ್ಲಿ ಫೋನು ಏಳುತ್ತಿತ್ತು, ಒಳಗಿನದೆಲ್ಲ ಗುಡಿಸಿ ಹೋಗುತ್ತಿತ್ತು. ಯೂಟ್ಯೂಬಿನ ಮೇಧಾವಿಗಳು ಬೂಟ್‌ಲೋಡರ್ ಅನ್‌ಲಾಕ್ ಮಾಡಿ ಅಂತಲೂ ಹೇಳುತ್ತಾರೆ. ಅನ್‌ಲಾಕ್ ಮಾಡಿದರೂ ಡೇಟಾ ಹೋಗುತ್ತದೆ, ಬೇಕಂತಲೇ ಹಾಗೆ ಮಾಡಿಟ್ಟಿದ್ದಾರೆ. ಕದ್ದವನು ಬೀಗ ಒಡೆದು ನಿಮ್ಮ ಫೋಟೊ ನೋಡಬಾರದು ಅಂತ. ವಿಡಿಯೊದಲ್ಲಿ ಈ ಮಾತು ಎಂಟನೇ ನಿಮಿಷಕ್ಕೆ ಬರುತ್ತದೆ. ಅಷ್ಟರಲ್ಲಿ ಜನ ಒತ್ತಿಯಾಗಿರುತ್ತದೆ.

ಉಳಿದ ದಾರಿ ಒಂದೇ. ವ್ಯವಸ್ಥೆಯನ್ನು, ಅಂದರೆ ಫರ್ಮ್‌ವೇರನ್ನು, ಕಂಪ್ಯೂಟರಿನಿಂದ ಮತ್ತೆ ಬರೆಯೋದು, ಆದರೆ ಬಳಕೆದಾರರ ಡೇಟಾ ಇರುವ ಭಾಗವನ್ನು ಮುಟ್ಟದೆ. ಇದಕ್ಕೆ ಬೇಕಾದದ್ದು ಆ ಮಾದರಿಯ ಸರಿಯಾದ ಫರ್ಮ್‌ವೇರ್ ಫೈಲು. ಗೂಗಲ್ ತನ್ನ ಪಿಕ್ಸೆಲ್ ಫೋನುಗಳ ಫೈಲುಗಳನ್ನು ತಾನೇ ಎಲ್ಲರಿಗೂ ಕೊಡುತ್ತದೆ, ಬ್ರೌಸರಿನಿಂದಲೇ ಹಾಕಿಕೊಳ್ಳುವ ಸಾಧನವೂ ಇದೆ. ಐಫೋನ್ ಕೆಟ್ಟರೆ ಕಂಪ್ಯೂಟರಿಗೆ ಸಿಕ್ಕಿಸಿ ರಿಸ್ಟೋರ್ ಕೊಟ್ಟರೆ ಆಪಲ್ಲಿನ ಸರ್ವರಿನಿಂದಲೇ ಫೈಲು ಇಳಿಯುತ್ತದೆ. ಚಿಕ್ಕಮ್ಮನ ಫೋನಿನ ಕಂಪನಿಯ ವೆಬ್‌ಸೈಟಿನಲ್ಲಿ ಹೊಸ ಮಾದರಿಗಳ ಜಾಹೀರಾತು ಮಾತ್ರ ಇತ್ತು.

ಹಾಗಾಗಿ ಹೋಗಿದ್ದು ಊರು ಹೆಸರಿಲ್ಲದ ಫೈಲ್ ಸೈಟುಗಳಿಗೆ. ಒಂದು ಕಡೆ ಹಣ ಕೇಳುತ್ತಾರೆ, ಇನ್ನೊಂದು ಕಡೆ ಆ್ಯಂಟಿವೈರಸ್ ಆಫ್ ಮಾಡಿ ಅನ್ನುತ್ತಾರೆ, ಮತ್ತೊಂದು ಕಡೆ ಎರಡು ಜಿಬಿ ಇಳಿಸಿದ ಮೇಲೆ ಜಿಪ್ ಫೈಲಿಗೆ ಪಾಸ್‌ವರ್ಡ್. ಇಂಥ ಕೆಲಸವನ್ನು ಬ್ಯಾಂಕ್ ವ್ಯವಹಾರ ಮಾಡುವ ಲ್ಯಾಪ್‌ಟಾಪಿನಲ್ಲಿ ಖಂಡಿತ ಮಾಡಬೇಡಿ. ಅಟ್ಟದ ಮೇಲಿದ್ದ ಕಾಲೇಜಿನ ಹಳೇ ಲ್ಯಾಪ್‌ಟಾಪ್ ಇಳಿಸಿದೆ. ಕೊನೆಗೆ ಒಂದು ಫೈಲು ಸಿಕ್ಕಿತು. ಮಾದರಿಯ ಹೆಸರು ಸರಿಯಿತ್ತು. ಬಿಲ್ಡ್ ನಂಬರ್ ಸರಿಯಿದೆಯಾ ಅಂತ ನೋಡೋಣ ಅಂದರೆ ಚಿಕ್ಕಮ್ಮನ ಫೋನಿನ ಬಿಲ್ಡ್ ನಂಬರ್ ಯಾರಿಗೆ ಗೊತ್ತು? ಅದು ಸೆಟ್ಟಿಂಗ್ಸ್‌ನ ಒಳಗಿರುತ್ತದೆ, ಸೆಟ್ಟಿಂಗ್ಸ್ ತೆರೆಯೋಕೆ ಫೋನು ಏಳಬೇಕು.

ಮೀಡಿಯಾಟೆಕ್ ಫೋನುಗಳಿಗೆ ಬಳಸುವ ಎಸ್‌ಪಿ ಫ್ಲಾಶ್ ಟೂಲ್ ನೋಡೋಕೆ ಸಾದಾ ಸೀದಾ. ಸ್ಕ್ಯಾಟರ್ ಫೈಲ್ ಅನ್ನೋ ನಕ್ಷೆ ಕೊಟ್ಟರೆ ಫೋನಿನ ಮೆಮೊರಿಯ ಕೋಣೆಗಳ ಪಟ್ಟಿ ಬರುತ್ತದೆ. ಯಾವ ಕೋಣೆಗೆ ಬರೆಯಬೇಕೋ ಅದಕ್ಕೆ ಟಿಕ್. ಮೇಲೆ ಮೂರು ಆಯ್ಕೆ: ಡೌನ್‌ಲೋಡ್ ಓನ್ಲಿ, ಫರ್ಮ್‌ವೇರ್ ಅಪ್‌ಗ್ರೇಡ್, ಫಾರ್ಮ್ಯಾಟ್ ಆಲ್ ಪ್ಲಸ್ ಡೌನ್‌ಲೋಡ್. ಮನೆಯಲ್ಲಿ ಪ್ರಯತ್ನಿಸುವವರು ಈ ಮೂರನೆಯದರ ಹತ್ತಿರ ಸುಳಿಯಬಾರದು. ಅದು ಡೇಟಾವನ್ನಷ್ಟೇ ಅಲ್ಲ, ಎನ್‌ವಿ ರ‍್ಯಾಮ್ ಅನ್ನೋ ಸಣ್ಣ ಕೋಣೆಯನ್ನೂ ಅಳಿಸಿಬಿಡುತ್ತದೆ. ಫೋನಿನ ಐಎಂಇಐ ಸಂಖ್ಯೆ ಇರೋದು ಅಲ್ಲಿ. ಫೋನು ಎದ್ದರೂ ಐಎಂಇಐ ಇರುವುದಿಲ್ಲ, ನೆಟ್‌ವರ್ಕ್ ಸಿಗುವುದಿಲ್ಲ. ಆಮೇಲೆ ಅದನ್ನು ಮತ್ತೆ ಬರೆಯೋಕೆ ಹೋದರೆ ವಿಷಯ ಕಾನೂನಿಗೆ ಬರುತ್ತದೆ. ಐಎಂಇಐ ತಿದ್ದುವುದರ ವಿರುದ್ಧ 2017ರಲ್ಲೇ ಕೇಂದ್ರ ಸರ್ಕಾರ ನಿಯಮ ಮಾಡಿದೆ. ಕದ್ದ ಫೋನುಗಳ ದಂಧೆ ತಡೆಯೋಕೆ ಅದು ಬೇಕು, ಸರಿ. ತಮ್ಮದೇ ಸಂಖ್ಯೆಯನ್ನು ತಮ್ಮದೇ ಫೋನಿಗೆ ವಾಪಸ್ ಹಾಕಿಸಿಕೊಳ್ಳುವ ಬಡಪಾಯಿಯೂ ಅದೇ ಅಂಗಡಿಯ ಹಿಂದಿನ ಬಾಗಿಲಿನಲ್ಲಿ ನಿಲ್ಲಬೇಕಾಗುತ್ತದೆ.

ನಾನು ಡೌನ್‌ಲೋಡ್ ಓನ್ಲಿ ಆರಿಸಿ, ಯೂಸರ್‌ಡೇಟಾ ಕೋಣೆಯ ಟಿಕ್ ತೆಗೆದು, ವಾಲ್ಯೂಮ್ ಬಟನ್ ಒತ್ತಿ ಹಿಡಿದು ಕೇಬಲ್ ಸಿಕ್ಕಿಸಿದೆ. ಕೆಂಪು ಪಟ್ಟಿ ಓಡಿತು, ಹಳದಿ ಪಟ್ಟಿ ಓಡಿತು, ಕೊನೆಗೆ ಹಸಿರು ಟಿಕ್ ಬಂತು. ಚಿಕ್ಕಮ್ಮ ಅಡುಗೆಮನೆಯಿಂದ ಓಡಿ ಬಂದಳು. ಫೋನು ಎದ್ದಿತು, ಹೆಸರು ತೋರಿಸಿತು, ಆಮೇಲೆ ಇಂಗ್ಲಿಷಿನಲ್ಲಿ ಹೇಳಿತು: ಆಂಡ್ರಾಯ್ಡ್ ತೆರೆಯಲಾಗುತ್ತಿಲ್ಲ, ನಿಮ್ಮ ಡೇಟಾ ಕೆಟ್ಟಿರಬಹುದು. ಕೆಳಗೆ ಎರಡು ಸಾಲು. ಮತ್ತೆ ಪ್ರಯತ್ನಿಸಿ, ಇಲ್ಲವೇ ಫ್ಯಾಕ್ಟರಿ ರಿಸೆಟ್ ಮಾಡಿ.

"ಏನಂತೆ?" ಅಂದಳು ಚಿಕ್ಕಮ್ಮ. "ಇನ್ನೊಂದ್ಸಲ ಮಾಡಬೇಕಂತೆ" ಅಂದೆ.

ಇಲ್ಲಿ ಆದದ್ದೇನು ಅಂತ ತಿಳಿದದ್ದು ರಾತ್ರಿ ಎರಡು ಗಂಟೆಗೆ, ಗೂಗಲ್ ಡೆವಲಪರುಗಳಿಗೆ ಬರೆದ ಒಣ ದಾಖಲೆ ಓದುವಾಗ. ಇಂದಿನ ಫೋನಿನಲ್ಲಿ ಫೋಟೊ, ಚಾಟ್ ಎಲ್ಲ ಗೂಢಲಿಪಿಯಲ್ಲಿರುತ್ತವೆ. ಅದನ್ನು ಬಿಡಿಸುವ ಕೀಲಿ ನಿಮ್ಮ ಪ್ಯಾಟರ್ನ್ ಮಾತ್ರ ಅಲ್ಲ, ಚಿಪ್ಪಿನೊಳಗಿನ ಸುರಕ್ಷಿತ ಮೂಲೆಯಲ್ಲಿ ಇನ್ನೊಂದು ಕೀಲಿಯಿದೆ. ಎರಡೂ ಸೇರಿದರೆ ಮಾತ್ರ ಬಾಗಿಲು. ಮೆಮೊರಿ ಚಿಪ್ಪನ್ನು ಕಿತ್ತು ಬೇರೆ ಫೋನಿಗೆ ಹಾಕಿದರೆ ಸಿಗೋದು ಕಸ ಮಾತ್ರ. ಹಳೇ ಕಾಲದ 'ಮೆಮೊರಿಯಿಂದ ಫೋಟೊ ತೆಗೆಸಿಕೊಡ್ತೀವಿ' ಬೋರ್ಡುಗಳು ಈಗಿನ ಫೋನುಗಳಿಗೆ ನಡೆಯದಿರೋದು ಇದಕ್ಕೇ. ಜೊತೆಗೆ ಆ ಚಿಪ್ಪಿನ ಕೀಲಿಗೆ ಇನ್ನೊಂದು ಗುಣವಿದೆ. ಅದು ಆಂಡ್ರಾಯ್ಡ್ ಆವೃತ್ತಿಗೆ ಮತ್ತು ಸೆಕ್ಯುರಿಟಿ ಪ್ಯಾಚಿನ ತಿಂಗಳಿಗೆ ಕಟ್ಟಿಕೊಂಡಿರುತ್ತದೆ. ಮುಂದಿನ ಆವೃತ್ತಿಗೆ ಹೋದರೆ ಕೀಲಿಯೂ ಜೊತೆಗೆ ಬರುತ್ತದೆ. ಹಿಂದಿನದಕ್ಕೆ ಇಳಿದರೆ ತಿರುಗೋದೇ ಇಲ್ಲ. ಹಳೆಯ ಆವೃತ್ತಿಯ ತೂತುಗಳನ್ನು ಬಳಸಿ ಕಳ್ಳ ಒಳಗೆ ನುಗ್ಗದಿರಲಿ ಅಂತ ಮಾಡಿದ್ದು. ನಾನು ಹಾಕಿದ ಫೈಲು ಹಳೆಯದಿತ್ತು.

ಅಂದರೆ ಡೇಟಾ ಕೆಟ್ಟಿರಲಿಲ್ಲ, ಫೋನಿಗೆ ಹಾಗನ್ನಿಸಿತ್ತು ಅಷ್ಟೇ. ಆದರೆ ಆ ಪರದೆಯ ಮೇಲೆ ಅದನ್ನು ಹೇಳುವ ಒಂದು ಪದವೂ ಇಲ್ಲ. 'ಹೊಸ ಫರ್ಮ್‌ವೇರ್ ಹಾಕಿದರೆ ಉಳಿಯಬಹುದು' ಅನ್ನೋ ಒಂದು ಸಾಲು ಇದ್ದಿದ್ದರೆ ಸಾಕಿತ್ತು. ಈ ಹೊತ್ತಿಗೆ ಎಷ್ಟು ಮನೆಗಳಲ್ಲಿ ಎಷ್ಟು ಜನ ಸುಸ್ತಾಗಿ ಆ ಎರಡನೇ ಸಾಲನ್ನು ಒತ್ತಿರಬೇಡ.

ಮರುದಿನ ಆಫೀಸಿಗೆ ರಜೆ ಹಾಕಿ ಹೊಸ ಫೈಲು ಹುಡುಕಿದೆ. ಸಿಕ್ಕಿತು, ತಿಂಗಳೂ ಹೊಸದಿತ್ತು. ಆದರೆ ಅದೇ ಹೆಸರಿನ ಫೋನನ್ನು ಕಂಪನಿ ಎರಡು ಬಗೆಯ ಬೋರ್ಡಿನಲ್ಲಿ ಮಾರಿತ್ತು ಅನ್ನೋದು ನನಗೆ ಗೊತ್ತಿರಲಿಲ್ಲ. ಮೇಲಾಗಿ ಪ್ರೀಲೋಡರಿನ ಟಿಕ್ ತೆಗೆಯೋದು ಮರೆತೆ. ಸರಿಯಿರುವ ಪ್ರೀಲೋಡರನ್ನು ಯಾವತ್ತೂ ಮುಟ್ಟಬಾರದು, ಇದು ಈ ಕಸುಬಿನ ಮೊದಲ ಪಾಠ. ಹಸಿರು ಟಿಕ್ ಬಂತು. ಕೇಬಲ್ ತೆಗೆದು ಪವರ್ ಒತ್ತಿದೆ. ಪರದೆ ಕಪ್ಪು, ನಡುಕವಿಲ್ಲ. ಚಾರ್ಜರ್ ಹಾಕಿದರೂ ಗುರುತಿಲ್ಲ. ಈಗ ನಿಜವಾದ ಇಟ್ಟಿಗೆ.

ಚಿಕ್ಕಮ್ಮ ಏನೂ ಅನ್ನಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು, "ನಾನು ಸಂಜೆ ರೈಲಿಗೆ ಹೋಗ್ತೀನಿ, ಕಟಿಂಗ್ ಆಗಿರೋ ನಾಲ್ಕನ್ನಾದರೂ ಹೊಲಿದಿಡ್ತೀನಿ" ಅಂದಳು. ಸಿಮ್ಮನ್ನು ಒಂದು ಕೀಪ್ಯಾಡ್ ಫೋನಿಗೆ ಹಾಕಿಕೊಟ್ಟೆ.

ಪೂರ್ತಿ ಸತ್ತಂತೆ ಕಾಣುವ ಫೋನಿನಲ್ಲಿ ಜೀವ ಇದೆಯಾ ಅಂತ ನೋಡೋಕೆ ಒಂದು ಸುಲಭ ಪರೀಕ್ಷೆ ಇದೆ. ಬಟನ್ ಒತ್ತಿ ಹಿಡಿದು ವಿಂಡೋಸ್ ಕಂಪ್ಯೂಟರಿಗೆ ಸಿಕ್ಕಿಸಿ, ಕಿವಿಗೊಟ್ಟು ಕೇಳಿ. ಹೊಸದೇನೋ ಸಿಕ್ಕಿತು ಅನ್ನೋ ಟಿಂಗ್ ಸದ್ದು ಬಂದರೆ ಚಿಪ್ಪು ಬದುಕಿದೆ. ಡಿವೈಸ್ ಮ್ಯಾನೇಜರಿನಲ್ಲಿ ಮೀಡಿಯಾಟೆಕ್ ಹೆಸರಿನ ಪೋರ್ಟ್ ಕಾಣುತ್ತದೆ. ಕ್ವಾಲ್‌ಕಾಮ್ ಆಗಿದ್ದರೆ 9008 ಅನ್ನೋ ಸಂಖ್ಯೆ. ಅಳಿಸಲಾಗದ ಆ ಬೂಟ್ ರಾಮ್ ಕತ್ತಲಲ್ಲಿ ಕೂತು 'ಯಾರಾದರೂ ಸರಿಯಾದ ಪ್ರೀಲೋಡರ್ ಕೊಡ್ರಪ್ಪ' ಅಂತ ಕೇಳುತ್ತಿರುತ್ತದೆ. ನನ್ನದರಲ್ಲಿ ಟಿಂಗ್ ಬಂತು. ಆದರೆ ಟೂಲ್ ಒಂದು ಅನುಮತಿ ಫೈಲು ಕೇಳಿತು. ಕಂಪನಿ ತನ್ನ ಅಧಿಕೃತ ಸರ್ವಿಸ್ ಸೆಂಟರುಗಳಿಗೆ ಮಾತ್ರ ಕೊಡುವ ಕೀಲಿ ಅದು. ಇಷ್ಟು ದಿನದಲ್ಲಿ ಮೊದಲ ಸಲ ಸಮಸ್ಯೆ ತಂತ್ರಜ್ಞಾನದ್ದಾಗಿರಲಿಲ್ಲ. ಫೋನು ಚಿಕ್ಕಮ್ಮನದು, ದುಡ್ಡು ಕೊಟ್ಟದ್ದು ಚಿಕ್ಕಮ್ಮ, ಬಾಗಿಲು ಇದೆ, ಬೀಗವೂ ಇದೆ, ಕೀಲಿಕೈ ಮಾತ್ರ ಮಾರಿದವರ ಹತ್ತಿರ.

ಶನಿವಾರ ಎಸ್‌ಪಿ ರೋಡಿಗೆ ಹೋದೆ. ಬೆಂಗಳೂರಿನಲ್ಲಿ ಎಲೆಕ್ಟ್ರಾನಿಕ್ಸ್ ಓದಿದವರಿಗೆ ಸಾದರ ಪತ್ರಪ್ಪ ರಸ್ತೆ ಎರಡನೇ ಕಾಲೇಜು. ಮೂರನೇ ಸೆಮಿಸ್ಟರಿನ ಪ್ರಾಜೆಕ್ಟಿಗೆ ರೆಸಿಸ್ಟರ್ ಕೊಂಡದ್ದೂ ಅಲ್ಲೇ. ಮೊದಲ ಮಹಡಿಯಲ್ಲಿ ನಾಲ್ಕಡಿ ಅಗಲದ ಅಂಗಡಿ, ಒಂದು ಮೈಕ್ರೋಸ್ಕೋಪ್, ಒಂದು ಹಾಟ್ ಏರ್ ಗನ್, ಮೇಜಿನ ತುಂಬ ಬೆನ್ನು ಬಿಚ್ಚಿದ ಫೋನುಗಳು. ಇಪ್ಪತ್ತೈದು ದಾಟಿರದ ಹುಡುಗ. ನಾನು ಪೂರ್ತಿ ಕಥೆ ಹೇಳುವ ಮೊದಲೇ ತಲೆಯೆತ್ತಿ, "ಮೇಡಂ, ಫಾರ್ಮ್ಯಾಟ್ ಕೊಟ್ಟಿಲ್ಲ ತಾನೇ?" ಅಂದ. ಇಲ್ಲ ಅಂದೆ. "ರಿಸೆಟ್ ಕೇಳ್ತಲ್ಲ, ಅದೂ ಒತ್ತಿಲ್ಲ?" ಇಲ್ಲ. "ಹಂಗಾದ್ರೆ ಕೂತ್ಕೊಳ್ಳಿ."

ಅವನು ಮಾಡಿದ ಕೆಲಸದಲ್ಲಿ ಮೊದಲನೆಯದು ನನಗೆ ಹೊಳೆದೇ ಇರಲಿಲ್ಲ. ಬರೆಯುವ ಮೊದಲು ಓದಿದ. ಫೋನಿನ ಬೆನ್ನು ಬಿಚ್ಚಿ, ಬೋರ್ಡಿನ ಮೇಲಿನ ಎರಡು ಪುಟ್ಟ ಚುಕ್ಕೆಗಳನ್ನು ಚಿಮಟದಲ್ಲಿ ಮುಟ್ಟಿಸಿ ಕೇಬಲ್ ಹಾಕಿದ. ಅನುಮತಿ ಕೇಳುವ ಹಂತವನ್ನು ದಾಟಿಸಿ, ಎನ್‌ವಿ ರ‍್ಯಾಮ್ ಸೇರಿ ಮುಖ್ಯ ಕೋಣೆಗಳ ನಕಲನ್ನು ಕಂಪ್ಯೂಟರಿಗೆ ಇಳಿಸಿಕೊಂಡ. ಈ ದಾಟಿಸುವ ವಿದ್ಯೆ ಗುಟ್ಟೇನಲ್ಲ. ಮೀಡಿಯಾಟೆಕ್ಕಿನ ಎಷ್ಟೋ ಚಿಪ್ಪುಗಳ ಬೂಟ್ ರಾಮ್‌ನಲ್ಲಿ ಒಂದು ದೋಷವಿದೆ. ಅದನ್ನು ಬಳಸಿ ಅನುಮತಿ ಇಲ್ಲದೆ ಒಳಹೋಗುವ ಮುಕ್ತ ತಂತ್ರಾಂಶವನ್ನು ಸ್ವತಂತ್ರ ಡೆವಲಪರುಗಳು 2021ರಲ್ಲಿ ಬಹಿರಂಗವಾಗಿ ಕೊಟ್ಟರು. ಬೂಟ್ ರಾಮ್ ತಿದ್ದಲಾಗದ್ದು ಅಂತ ಹೇಳಿದೆನಲ್ಲ, ಅದರ ದೋಷವೂ ತಿದ್ದಲಾಗದ್ದು. ಚಿಕ್ಕಮ್ಮನ ಫೋನು ಉಳಿದದ್ದು ಕಂಪನಿಯ ಸೌಜನ್ಯದಿಂದಲ್ಲ, ಚಿಪ್ಪಿನೊಳಗೆ ಯಾರೋ ಮಾಡಿದ ತಪ್ಪಿನಿಂದ. ಹೊಸ ಚಿಪ್ಪುಗಳಲ್ಲಿ ಆ ತಪ್ಪು ಮುಚ್ಚುತ್ತಾ ಬಂದಿದ್ದಾರೆ. ಮುಂದಿನ ಫೋನಿಗೆ ಈ ಅದೃಷ್ಟವೂ ಇರಲಿಕ್ಕಿಲ್ಲ.

ಬೋರ್ಡಿನ ಮೇಲಿನ ಗುರುತು ನೋಡಿ ಸರಿಯಾದ ಬಗೆಯ, ಇರುವುದರಲ್ಲೆಲ್ಲ ಹೊಸ ಫರ್ಮ್‌ವೇರನ್ನು ಹುಡುಕಿದ. ಅವನು ವರ್ಷಕ್ಕಿಷ್ಟು ಅಂತ ದುಡ್ಡು ಕಟ್ಟಿ ಸದಸ್ಯನಾಗಿರುವ ಒಂದು ಸರ್ವರಿನಲ್ಲಿ ಅದಿತ್ತು. ಬರೆದು ಮುಗಿಸಿ ಪವರ್ ಒತ್ತಿದಾಗ ಕಂಪನಿ ಹೆಸರು ಬಂತು. ಹೋಗಲಿಲ್ಲ. ನಾಲ್ಕು ನಿಮಿಷ ಹಾಗೇ ನಿಂತಿತ್ತು. ಅವನು ಬೇರೆ ಫೋನು ಬಿಚ್ಚುತ್ತಾ ಕೂತ, ನಾನು ಮಾತ್ರ ಪರದೆಯನ್ನೇ ನೋಡುತ್ತಿದ್ದೆ. ಆಮೇಲೆ ಒಂಬತ್ತು ಚುಕ್ಕೆಗಳು ಬಂದವು, ಪ್ಯಾಟರ್ನ್ ಕೇಳುತ್ತಾ. ಚಿಕ್ಕಮ್ಮನ ಪ್ಯಾಟರ್ನ್ ಇಂಗ್ಲಿಷಿನ ಎಲ್ ಅಕ್ಷರ, ಇಡೀ ಮನೆತನಕ್ಕೆ ಗೊತ್ತು. ಎಳೆದೆ. ಹಿಂದಿನ ದಸರಾದಲ್ಲಿ ತೆಗೆದ ಬೊಂಬೆಗಳ ಫೋಟೊ ಪರದೆ ತುಂಬ ನಿಂತಿತು.

"ಎಂಟುನೂರು ಕೊಡಿ ಮೇಡಂ" ಅಂದ. ಇದೆಲ್ಲ ಎಲ್ಲಿ ಕಲಿತೆ ಅಂತ ಕೇಳಿದೆ. "ಹಾಳು ಮಾಡಿ ಮಾಡಿ" ಅಂದ.

ಈ ಹುಡುಗನಿಗೆ ಅನುಮತಿ ಫೈಲು ಕೊಡದಿರಲು ಕಂಪನಿಗಳಿಗಿರುವ ಕಾರಣ ಸುರಕ್ಷತೆ. ಆ ವಾದದಲ್ಲಿ ಅರ್ಧ ಸತ್ಯವಿದೆ. ಕದ್ದ ಫೋನನ್ನು ಅಳಿಸಿ ಮಾರುವವರಿಗೂ ಇದೇ ಟೂಲ್ ಬೇಕು. ಆದರೆ ಡೇಟಾ ಕಾಯುತ್ತಿರೋದು ಈ ಅನುಮತಿ ಫೈಲಲ್ಲ, ಚಿಪ್ಪಿನೊಳಗಿನ ಕೀಲಿ. ಅವನ ಕಂಪ್ಯೂಟರಿಗೆ ಇಳಿದ ನಕಲಿನಿಂದ ಪ್ಯಾಟರ್ನ್ ಇಲ್ಲದೆ ಒಂದು ಫೋಟೊ ಕೂಡ ಹೊರಬರುತ್ತಿರಲಿಲ್ಲ. ಇನ್ನು ಸಹಿ ಮಾಡಿದ ಫರ್ಮ್‌ವೇರನ್ನು ಎಲ್ಲರಿಗೂ ಕೊಟ್ಟರೆ ಸುರಕ್ಷತೆ ಹಾಳಾಗುತ್ತದೆ ಅನ್ನೋದಾದರೆ ಗೂಗಲ್ ಯಾಕೆ ಕೊಡುತ್ತಿದೆ? ಅಧಿಕೃತ ಫೈಲು ಸಿಗದಿದ್ದಾಗಲೇ ಜನ ಆ್ಯಂಟಿವೈರಸ್ ಆಫ್ ಮಾಡಿ ಕಂಡಕಂಡ ಫೈಲು ಇಳಿಸೋದು. ಆ ವಾರ ನಾನು ಮಾಡಿದ್ದಕ್ಕಿಂತ ಅಸುರಕ್ಷಿತವಾದದ್ದನ್ನು ನನ್ನ ಜೀವನದಲ್ಲಿ ಕಂಪ್ಯೂಟರಿನಲ್ಲಿ ಮಾಡಿಲ್ಲ.

ಸುರಕ್ಷತೆಯ ಹೆಸರು ನ್ಯಾಯಾಲಯದವರೆಗೂ ಹೋದದ್ದಿದೆ. ಹೊರಗಡೆ ಹೋಮ್ ಬಟನ್ ಅಥವಾ ಪರದೆ ಬದಲಾಯಿಸಿದ ಐಫೋನುಗಳು ಅಪ್‌ಡೇಟ್ ಆದ ಮೇಲೆ 'ಎರರ್ 53' ತೋರಿಸಿ ಇಟ್ಟಿಗೆಯಾಗುತ್ತಿದ್ದವು, 2016ರಲ್ಲಿ ಅದು ದೊಡ್ಡ ಸುದ್ದಿಯಾಯಿತು. ಮೊದಲು ಆಪಲ್ ಇದು ಸುರಕ್ಷತೆಗಾಗಿ ಅಂದಿತ್ತು. ಆಮೇಲೆ ಸರಿಪಡಿಸುವ ಅಪ್‌ಡೇಟನ್ನೂ ಕೊಟ್ಟಿತು. ಆಸ್ಟ್ರೇಲಿಯಾದ ಗ್ರಾಹಕ ಆಯೋಗ ಸುಮ್ಮನಾಗಲಿಲ್ಲ. ಹೊರಗಡೆ ರಿಪೇರಿ ಮಾಡಿಸಿದ್ದಕ್ಕೆ ಪರಿಹಾರ ಇಲ್ಲ ಅಂತ ಗ್ರಾಹಕರಿಗೆ ಹೇಳಿದ್ದು ತಪ್ಪು ಅಂತ ಅಲ್ಲಿನ ಫೆಡರಲ್ ನ್ಯಾಯಾಲಯ 2018ರಲ್ಲಿ ಆಪಲ್‌ಗೆ 90 ಲಕ್ಷ ಆಸ್ಟ್ರೇಲಿಯನ್ ಡಾಲರ್ ದಂಡ ಹಾಕಿತು. ಯುರೋಪ್ ಇನ್ನೂ ಮುಂದೆ ಹೋಗಿದೆ. 2025ರ ಜೂನ್ 20ರಿಂದ ಅಲ್ಲಿ ಮಾರುಕಟ್ಟೆಗೆ ಬರುವ ಫೋನುಗಳಿಗೆ, ಮಾರಾಟ ನಿಲ್ಲಿಸಿದ ಮೇಲೂ ಏಳು ವರ್ಷ ಬಿಡಿಭಾಗ ಕೊಡಬೇಕು. ಬಿಡಿಭಾಗ ಬದಲಾಯಿಸೋಕೆ ಬೇಕಾದ ಸಾಫ್ಟ್‌ವೇರನ್ನು ಕಂಪನಿಗೆ ಸೇರದ ರಿಪೇರಿಯವರಿಗೂ ಭೇದವಿಲ್ಲದೆ ಕೊಡಬೇಕು.

ನಮ್ಮಲ್ಲಿ? ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಜುಲೈಯಲ್ಲಿ ರಿಪೇರಿ ಹಕ್ಕಿನ ಬಗ್ಗೆ ಸಮಿತಿ ಮಾಡಿತು, ಅದೇ ಡಿಸೆಂಬರಿನಲ್ಲಿ ಒಂದು ಪೋರ್ಟಲ್ ತೆರೆಯಿತು. 2025ರ ಮೇನಲ್ಲಿ ಇನ್ನೊಂದು ಸಮಿತಿ ರಿಪೇರಿ ಸೂಚ್ಯಂಕದ ವರದಿ ಕೊಟ್ಟಿತು. ಫೋನ್ ಎಷ್ಟು ಸುಲಭವಾಗಿ ರಿಪೇರಿಯಾಗುತ್ತದೆ ಅನ್ನೋದಕ್ಕೆ ಅಂಕ ಕೊಡುವ ವ್ಯವಸ್ಥೆ. ಫ್ರಾನ್ಸ್ 2021ರಲ್ಲೇ ಅದನ್ನು ಶುರು ಮಾಡಿದೆ. ಅಂಕ ಒಳ್ಳೆಯದೇ. ಆದರೆ ಸ್ಕ್ರೂ ಎಷ್ಟು, ಅಂಟು ಎಷ್ಟು ಅಂತ ಎಣಿಸಿ, ಸತ್ತ ಫೋನನ್ನು ಎಬ್ಬಿಸುವ ಫೈಲು ಮಾಲೀಕರಿಗೆ ಸಿಗುತ್ತದೋ ಇಲ್ಲವೋ ಅಂತ ಕೇಳದಿದ್ದರೆ ಚಿಕ್ಕಮ್ಮನ ಲೆಕ್ಕಕ್ಕೆ ಅದು ಬರೋದಿಲ್ಲ. ಅವಳ ಫೋನಿನ ಒಂದು ಸ್ಕ್ರೂ ಕೂಡ ಕೆಟ್ಟಿರಲಿಲ್ಲ. ಅಲ್ಲಿಯವರೆಗೆ ಅಪ್‌ಡೇಟಿನಿಂದ ಫೋನು ಹಾಳಾದವರಿಗೆ ಇರೋದು 1915, ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ದೂರು ಕೊಡಿ, ಕೊಟ್ಟ ದೂರಿನ ಸಂಖ್ಯೆ ಬರೆದಿಟ್ಟುಕೊಳ್ಳಿ, ಸೈನ್ ಮಾಡಿ ಅಂದ ಕಾಗದದ ಫೋಟೊ ತೆಗೆದುಕೊಳ್ಳಿ. ನಾವು ಕೊಟ್ಟಿದ್ದೇವೆ, ಇನ್ನೂ ಕಾಯುತ್ತಿದ್ದೇವೆ.

ಭಾನುವಾರ ಬೆಳಗ್ಗೆ ಫೋನನ್ನು ನಾನೇ ತಿಪಟೂರಿಗೆ ತೆಗೆದುಕೊಂಡು ಹೋದೆ. ಹದಿನಾಲ್ಕು ಬ್ಲೌಸಿನಲ್ಲಿ ಐದನ್ನು ಮದುವೆ ಮನೆಯವರು ಅಷ್ಟರಲ್ಲಿ ಬೇರೆ ಟೈಲರಿಗೆ ಕೊಟ್ಟಿದ್ದರು. ಫೋನಿಲ್ಲದ ಆರು ದಿನದಲ್ಲಿ ಅವರು ಎಷ್ಟು ಸಲ ಕೇಳಿದ್ದರೋ, ಇವಳಿಗೆ ಗೊತ್ತಾಗಿರಲಿಲ್ಲ. ವಾಟ್ಸಾಪ್ ತೆರೆದಾಗ ಮೆಸೇಜುಗಳು ಒಂದರ ಹಿಂದೊಂದು ಬಂದು ಬಿದ್ದವು, ಕೊನೆಯದು 'ಪರವಾಗಿಲ್ಲ ಆಂಟಿ'. ಚಿಕ್ಕಮ್ಮ ಅದನ್ನು ಓದಿ, ಫೋನು ಪಕ್ಕಕ್ಕಿಟ್ಟು, ಉಳಿದ ಒಂಬತ್ತರಲ್ಲಿ ಒಂದರ ಫೋಟೊ ದೊಡ್ಡದು ಮಾಡಿ ಸೀಮೆಸುಣ್ಣ ಹಿಡಿದಳು.

ಲ್ಯಾಪ್‌ಟಾಪಿಗೆ ಸಿಕ್ಕಿಸಿ ಅವಳ ಫೋಟೊಗಳನ್ನೆಲ್ಲ ಇಳಿಸಿದೆ, ಖಾತೆಯಲ್ಲಿ ಜಾಗ ಮಾಡಿ ಬ್ಯಾಕಪ್ ಶುರು ಮಾಡಿದೆ. ಸೆಟ್ಟಿಂಗ್ಸ್ ತೆರೆದು ಮಾದರಿ, ಬಿಲ್ಡ್ ನಂಬರ್, ಪ್ಯಾಚಿನ ತಿಂಗಳು ಓದಿ ಹೇಳಿ, ಎಲ್ಲಾದರೂ ಬರೆದಿಟ್ಟುಕೋ ಅಂದೆ. ಎಲ್ಲಿ ಬರೆಯೋದು ಅಂತ ಅವಳೇನೂ ಯೋಚಿಸಲಿಲ್ಲ. ಅಳತೆ ಪುಸ್ತಕದ ಕೊನೆಯ ಹಾಳೆ ತಿರುಗಿಸಿದಳು. ಮೇಲೆ 'ಫೋನು' ಅಂತ ಬರೆದು ಅಡಿಗೆರೆ ಎಳೆದಳು. ಎದೆ, ಸೊಂಟ, ತೋಳು ಬರೆಯುವ ಮೂರು ಕಾಲಮ್ಮುಗಳಲ್ಲಿ ಮೂರನ್ನೂ ಒಂದೊಂದಾಗಿ ತುಂಬಿದಳು.